ಮಳೆಗಾಲಕ್ಕೆ ಖಗೋಳದ ಒಗಟು ಬೇಕು, ಬಾಯಿಪಾಠದ ಕ್ವಿಜ್ ಬೇಡ

ಮಡಿಕೇರಿಯಲ್ಲಿ ಹೈಸ್ಕೂಲ್ ಮಕ್ಕಳ ಖಗೋಳ ಕ್ಲಬ್ ನೋಡಿಕೊಳ್ಳುತ್ತೇನೆ. ಜೂನ್ ಶುರುವಾದಾಗಿನಿಂದ ಒಂದು ನಕ್ಷತ್ರವೂ ಕಂಡಿಲ್ಲ, ಟೆಲಿಸ್ಕೋಪ್ ಚೀಲಕ್ಕೆ ಬೂಸ್ಟು ಹಿಡಿದಿದೆ. ಶನಿವಾರ ಒಗಟಾದರೂ ಕೊಡೋಣ ಅಂದರೆ ಎಲ್ಲ ಕಡೆ "ಅತಿ ದೊಡ್ಡ ಗ್ರಹ ಯಾವುದು" ಅನ್ನುವಂಥವೇ. ಕೂತು ಯೋಚಿಸಿದರೆ ಬಿಡಿಸಬಹುದಾದದ್ದು ಇದ್ದರೆ ಹೇಳಿ. ನಾನು ಮಕ್ಕಳಿಗೆ ಕೇಳಿದ್ದು ಒಂದೇ: ಶುಕ್ರನಲ್ಲಿ ದಿನ ದೊಡ್ಡದೋ ವರ್ಷ ದೊಡ್ಡದೋ? ಭೂಮಿಯ ದಿನಗಳ ಲೆಕ್ಕದಲ್ಲಿ ಅಲ್ಲಿನ ದಿನ 243, ವರ್ಷ 225, ಆದ್ದರಿಂದ ದಿನವೇ ದೊಡ್ಡದು ಅಂದೆ. ಒಬ್ಬ ಹುಡುಗಿ ಒಪ್ಪಲೇ ಇಲ್ಲ.

ಉತ್ತರ 1
ಆ ಹುಡುಗಿ ಬಿಟ್ಟುಕೊಡದೇ ಇದ್ದದ್ದು ಒಳ್ಳೇದಾಯ್ತು ಮೇಡಂ. 243 ದಿನ ಹಿಡಿಯುವುದು ಶುಕ್ರ ತನ್ನ ಸುತ್ತಲೇ ಒಮ್ಮೆ ತಿರುಗಲು. ಅದು ತಿರುಗುವುದು ಉಲ್ಟಾ ದಿಕ್ಕಿನಲ್ಲಿ, ಹಾಗಾಗಿ ಒಂದು ಸೂರ್ಯೋದಯದಿಂದ ಇನ್ನೊಂದಕ್ಕೆ ನಮ್ಮ ಲೆಕ್ಕದಲ್ಲಿ ಸುಮಾರು 117 ದಿನ ಸಾಕು. ಯಾವ "ದಿನ" ಅಂತ ಕೇಳುವುದೇ ಇಲ್ಲಿ ಒಗಟು.

ಉತ್ತರ 2
ನಮ್ಮೂರಿನದೇ ಒಂದು ತಗೊಳ್ಳಿ. ನಮ್ಮ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಕದಿರು ತೆಗೆಯಲು ಗದ್ದೆಗೆ ಇಳಿಯುವಾಗ ಪೂರ್ವದಲ್ಲಿ ಹುಣ್ಣಿಮೆ ಚಂದ್ರ, ಅದರ ಆಸುಪಾಸಿನಲ್ಲೇ ಕೆಂಪಗೆ ರೋಹಿಣಿ. ಆ ರಾತ್ರಿ ಜ್ಯೇಷ್ಠಾ ನಕ್ಷತ್ರ ಎಲ್ಲಿರುತ್ತದೆ? ಪಂಚಾಂಗ ಮುಟ್ಟುವ ಹಾಗಿಲ್ಲ. ಹುಣ್ಣಿಮೆ ಚಂದ್ರ ಯಾವಾಗಲೂ ಸೂರ್ಯನ ಎದುರಿಗೆ, ರೋಹಿಣಿಗೆ ಹೆಚ್ಚುಕಡಿಮೆ ನೇರ ಎದುರಿಗಿರುವುದು ಜ್ಯೇಷ್ಠಾ, ಅಂದ ಮೇಲೆ ಅದು ಸೂರ್ಯನ ಹತ್ತಿರವೇ ಇರಬೇಕು, ರಾತ್ರಿಯಿಡೀ ಕಾದರೂ ಕಾಣುವುದಿಲ್ಲ. ಇಷ್ಟಾದ ಮೇಲೆ, ಹುತ್ತರಿ ದಿನ ಸೂರ್ಯಗ್ರಹಣ ಆಗಬಹುದಾ ಅಂತ ಕೇಳಿ. 2019ರ ಡಿಸೆಂಬರ್ 26ಕ್ಕೆ ಕುಟ್ಟದ ಕಾಯಿಮಾನಿಯಲ್ಲಿ ಕಂಕಣ ಗ್ರಹಣ ನೋಡಿದ ಮನೆಯವರಿದ್ದರೆ ಮಕ್ಕಳಿಗೆ ಸುಳಿವು ಸಿಗುತ್ತದೆ, ಅವತ್ತು ಅಮಾವಾಸ್ಯೆ ಅಲ್ವಾ.

ಉತ್ತರ 3
ನನ್ನದು ಮಂಜಿನಲ್ಲೂ ನಡೆಯುತ್ತದೆ, ದಿಕ್ಸೂಚಿ ಒಂದಿದ್ದರೆ ಸಾಕು. ನಿಮ್ಮ ಅಂಗಳದಿಂದ ಧ್ರುವ ನಕ್ಷತ್ರ ಕಾಣುತ್ತದಾ, ಹಗಲಿನಲ್ಲೇ ಹೇಳಿ. ಅದು ಎಷ್ಟು ಎತ್ತರದಲ್ಲಿರುತ್ತದೆ ಅನ್ನುವುದು ಊರಿನ ಅಕ್ಷಾಂಶದಷ್ಟೇ, ಮಡಿಕೇರಿಗೆ 12 ಡಿಗ್ರಿ ಚಿಲ್ಲರೆ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಅಡ್ಡಕ್ಕೆ ಸುಮಾರು 10 ಡಿಗ್ರಿ. ಅಂದರೆ ಉತ್ತರದ ದಿಗಂತದಿಂದ ಒಂದು ಮುಷ್ಟಿ, ಮೇಲೆ ಒಂದೆರಡು ಬೆರಳು. ಶ್ರೀನಗರದವರಿಗೆ ಮೂರೂವರೆ ಮುಷ್ಟಿ. ನಮ್ಮ ತೋಟದಲ್ಲಂತೂ ಸಿಲ್ವರ್ ಮರಗಳೇ ನುಂಗಿಬಿಡುತ್ತವೆ.

ಕೇಳಿದವರು
ಮಳೆ ಸ್ವಲ್ಪ ಬಿಟ್ಟಿತ್ತು, ಈಗಷ್ಟೇ ಅಂಗಳಕ್ಕೆ ಹೋಗಿ ಮುಷ್ಟಿ ಹಿಡಿದು ನೋಡಿದೆ. ಧ್ರುವ ನಮ್ಮ ನೀರಿನ ಟ್ಯಾಂಕ್ ಹಿಂದೆ ಇದೆ. ಎರಡು ವರ್ಷದಿಂದ ಅದೇ ಜಾಗದಲ್ಲಿ ಟೆಲಿಸ್ಕೋಪ್ ಇಟ್ಟು "ಮೋಡ ಸರಿಯಲಿ, ತೋರಿಸ್ತೀನಿ" ಅಂತಿದ್ದೆ. ಶನಿವಾರ ಆ ಹುಡುಗಿಗೆ ಮೊದಲು ಸಾರಿ ಹೇಳಿ, ಆಮೇಲೆ ಇದನ್ನೇ ಕೇಳುತ್ತೇನೆ.