ಅಪ್‌ಡೇಟ್: ಕೂಲೆಂಟ್ ಸೋರುತ್ತಿದ್ದ ಜಾಗ ಕೊನೆಗೂ ಸಿಕ್ಕಿತು

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಬರುವಾಗ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನನ್ನ ಕಾರಿನ ಎಂಜಿನ್ ವಿಪರೀತ ಬಿಸಿಯಾಯಿತೆಂದೂ, ನೆಲಕ್ಕೆ ಒಂದು ಹನಿಯೂ ಬೀಳದೆ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಖಾಲಿಯಾಗುತ್ತಿದೆಯೆಂದೂ ಕಳೆದ ವಾರ ತಿಳಿಸಿ ನಿಮ್ಮ ಸಲಹೆ ಕೇಳಿದ್ದೆ.

ರೇಡಿಯೇಟರ್ ಮುಚ್ಚಳ ಬದಲಿಸಿದೆ, ಹೋಸ್‌ಗಳ ಕ್ಲಾಂಪ್ ಬಿಗಿ ಮಾಡಿಸಿದೆ, ಎರಡರಿಂದಲೂ ಪ್ರಯೋಜನವಾಗಲಿಲ್ಲ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿರಬಹುದೆಂಬ ಭಯ ನನ್ನನ್ನು ಬಹಳ ಕಾಡಿತ್ತು. ಆದರೆ ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆತಂತೆ ಬೆಳ್ಳಗಾಗಿರಲಿಲ್ಲ, ಸೈಲೆನ್ಸರ್‌ನಿಂದ ಬಿಳಿ ಹೊಗೆಯೂ ಬರುತ್ತಿರಲಿಲ್ಲ.

ಫಲ ಕೊಟ್ಟದ್ದು ಪ್ರೆಶರ್ ಟೆಸ್ಟ್ ಮಾಡಿಸಿ ಎಂಬ ಸಲಹೆ. ದಾವಣಗೆರೆಯ ಮೆಕ್ಯಾನಿಕ್ ಒಬ್ಬರು ರಾತ್ರಿಯಿಡೀ ತಣ್ಣಗಾಗಿದ್ದ ಎಂಜಿನ್‌ಗೆ ಕೈಪಂಪ್ ಜೋಡಿಸಿ, ಮುಚ್ಚಳದ ಮೇಲೆ ನಮೂದಿಸಿದ್ದ 1.1 ಬಾರ್‌ವರೆಗೆ ಒತ್ತಡ ಏರಿಸಿದರು. ಒತ್ತಡ ತೋರಿಸುವ ಮುಳ್ಳು ನಿಧಾನವಾಗಿ ಇಳಿಯತೊಡಗಿತು, ಅಂದರೆ ಎಲ್ಲೋ ಸೋರುತ್ತಿತ್ತು. ಟಾರ್ಚ್ ಹಿಡಿದು ನೋಡಿದಾಗ ಕೂಲೆಂಟನ್ನು ಎಂಜಿನ್‌ನೊಳಗೆ ಹರಿಸುವ ವಾಟರ್ ಪಂಪ್‌ನ ಕೆಳಭಾಗದ ಸಣ್ಣ ರಂಧ್ರದಲ್ಲಿ ಹನಿಯೊಂದು ಮೂಡಿ ನಿಂತಿತ್ತು; ಅದರ ಸುತ್ತ ಒಣಗಿದ ಗುಲಾಬಿ ಬಣ್ಣದ ಪುಡಿ ಅಂಟಿಕೊಂಡಿತ್ತು. ಒಳಗಿನ ಸೀಲ್ ಸವೆದಾಗ ಕೂಲೆಂಟ್ ಬೇರಿಂಗ್‌ಗೆ ನುಗ್ಗದೆ ಹೊರಬರಲೆಂದೇ ಆ ರಂಧ್ರವನ್ನು ಇಟ್ಟಿರುತ್ತಾರೆ ಎಂಬುದು ನನಗೆ ಹೊಸ ವಿಷಯ. ಎಂಜಿನ್ ಬಿಸಿಯಿದ್ದಾಗ ಆ ಹನಿ ಕಾದ ಲೋಹದ ಮೇಲೆಯೇ ಆವಿಯಾಗುತ್ತಿದ್ದುದರಿಂದ ನೆಲ ಒದ್ದೆಯಾಗುತ್ತಿರಲಿಲ್ಲ.

ಹೊಸ ಪಂಪ್ ಹಾಕಿಸಿ, ದಾರಿಯಲ್ಲಿ ತುಂಬಿಸಿದ್ದ ಬೋರ್‌ವೆಲ್ ನೀರನ್ನು ಪೂರ್ತಿ ತೆಗೆಸಿ, ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟ್ ತುಂಬಿಸಿದ್ದೇನೆ. ಅನಂತರ ಚಿತ್ರದುರ್ಗಕ್ಕೆ ಎರಡು ಸಲ ಹೋಗಿ ಬಂದರೂ ಕೂಲೆಂಟ್ ಟ್ಯಾಂಕ್‌ನ ಮಟ್ಟ ಗುರುತಿನಿಂದ ಕೆಳಗಿಳಿದಿಲ್ಲ. ಪ್ರೆಶರ್ ಟೆಸ್ಟ್ ಸೂಚಿಸಿದವರಿಗೆ ಹೃತ್ಪೂರ್ವಕ ಧನ್ಯವಾದಗಳು.