ಕ್ಯಾಸಿನೋ ತಮ್ಮದೇ ಆದರೆ ಅದರ ದುಡ್ಡನ್ನು ತಾವೇ ಕದಿಯೋದು ಯಾಕೆ?

ಕೊನೆಸಾಲು:
ಮಾರ್ಟಿನ್ ಸ್ಕಾರ್ಸೆಸೆಯ 1995ರ 'ಕ್ಯಾಸಿನೋ' ಈಗಷ್ಟೇ ನೋಡಿ ಮುಗಿಸಿದೆ. ಹತ್ತಿರ ಹತ್ತಿರ ಮೂರು ಗಂಟೆ, ಒಂದು ನಿಮಿಷವೂ ಬೋರಾಗಲಿಲ್ಲ. ಆದರೆ ಒಂದು ವಿಷಯ ತಲೆಗೆ ಹತ್ತಲಿಲ್ಲ. ಒಬ್ಬ ಸೂಟ್‌ಕೇಸ್ ಹಿಡಿದುಕೊಂಡು ದುಡ್ಡೆಣಿಸುವ ಕೋಣೆಗೆ ಬರುತ್ತಾನೆ, ನೋಟಿನ ಕಟ್ಟುಗಳನ್ನು ತುಂಬಿಕೊಳ್ಳುತ್ತಾನೆ, ಅಲ್ಲಿದ್ದವರೆಲ್ಲ ಸುಮ್ನೆ ಇರುತ್ತಾರೆ, ಅವನು ಕಾವಲುಗಾರರ ಮುಂದೆಯೇ ಹಾದು ಹೊರಗೆ ಹೋಗುತ್ತಾನೆ. ಕ್ಯಾಸಿನೋ ಮಾಫಿಯಾದ್ದೇ ಅಲ್ವಾ? ಆಡುವವರು ಕಳೆದುಕೊಳ್ಳುವ ದುಡ್ಡು ಹೇಗಿದ್ದರೂ ಇವರಿಗೇ ಬಂದು ಬೀಳುತ್ತದೆ. ಮತ್ತೆ ತಮ್ಮ ಗಲ್ಲಾಪೆಟ್ಟಿಗೆಗೆ ತಾವೇ ಕೈ ಹಾಕುವುದು ಯಾಕೆ? ಇದೆಲ್ಲ ನಿಜಕ್ಕೂ ನಡೆದದ್ದಾ?

ಹಳೇಟಿಕೆಟ್:
ನಡೆದದ್ದೇ. ಕ್ಯಾಸಿನೋ ಅವರದ್ದೇ, ಆದರೆ ಕಾಗದದಲ್ಲಿ ಅವರ ಹೆಸರಿಲ್ಲ. ಸಿನಿಮಾ ನಡೆಯುವ ಲಾಸ್ ವೇಗಸ್ ಇರುವುದು ನೆವಾಡಾ ರಾಜ್ಯದಲ್ಲಿ, ಅಲ್ಲಿ ಕ್ಯಾಸಿನೋ ನಡೆಸಲು ಲೈಸೆನ್ಸ್ ಬೇಕು. ಶಿಕಾಗೋ, ಕಾನ್ಸಾಸ್ ಸಿಟಿಯ ಮಾಫಿಯಾ ತಲೆಗಳಿಗೆ ಅದು ಈ ಜನ್ಮದಲ್ಲಿ ಸಿಗುವಂಥದ್ದಲ್ಲ. ಅದಕ್ಕೆ ಯಾವ ಕೇಸೂ ಇಲ್ಲದ ಒಬ್ಬ ಬಿಸಿನೆಸ್‌ಮನ್‌ನನ್ನು ಮುಂದೆ ನಿಲ್ಲಿಸುತ್ತಾರೆ, ಅವನಿಗೆ ಟೀಮ್‌ಸ್ಟರ್ಸ್ ಅನ್ನುವ ಲಾರಿ ಡ್ರೈವರುಗಳ ಯೂನಿಯನ್ನಿನ ಪಿಂಚಣಿ ನಿಧಿಯಿಂದ ಸಾಲ ಕೊಡಿಸುತ್ತಾರೆ. 1974ರಲ್ಲಿ ಆಲನ್ ಗ್ಲಿಕ್‌ಗೆ ಹೀಗೆ 6 ಕೋಟಿ ಡಾಲರಿಗೂ ಜಾಸ್ತಿ ಸಾಲ ಸಿಕ್ಕಿ ಸ್ಟಾರ್‌ಡಸ್ಟ್, ಫ್ರೀಮಾಂಟ್ ಅನ್ನುವ ಎರಡು ಕ್ಯಾಸಿನೋಗಳೂ ಅವನ ಕಂಪನಿಯ ಕೈಗೆ ಬಂದವು. ಮುಂದೆ ಕೋರ್ಟಿನಲ್ಲಿ ಮಾಫಿಯಾದವರ ವಿರುದ್ಧ ಸಾಕ್ಷಿ ಹೇಳಿದ್ದೂ ಅವನೇ.

ಈಗ ಲೆಕ್ಕ ನೋಡಿ. ಎಣಿಸಿ ಪುಸ್ತಕಕ್ಕೆ ಬರೆದ ಮೇಲೆ ಆ ದುಡ್ಡು ಕಂಪನಿಯದ್ದು. ಟ್ಯಾಕ್ಸು, ಸಂಬಳ, ಸಾಲದ ಕಂತು ಎಲ್ಲ ಅದರಲ್ಲೇ ಹೋಗಬೇಕು. ಪುಸ್ತಕದಲ್ಲಿ ಹೆಸರೇ ಇಲ್ಲದವನಿಗೆ ಪಾಲು ಕೊಡುವುದು ಹೇಗೆ? ಅದಕ್ಕೇ ಎಣಿಸುವ ಮೊದಲೇ ಎತ್ತಬೇಕು. ಸ್ಲಾಟ್ ಮಷೀನಿನ ನಾಣ್ಯಗಳನ್ನಂತೂ ಆಗ ಒಂದೊಂದಾಗಿ ಎಣಿಸುತ್ತಿರಲಿಲ್ಲ, ತೂಕ ಹಾಕುತ್ತಿದ್ದರು. ಸ್ಟಾರ್‌ಡಸ್ಟ್‌ನಲ್ಲಿ ತೂಕದ ಯಂತ್ರವನ್ನೇ ಕಡಿಮೆ ತೋರಿಸುವ ಹಾಗೆ ಮಾಡಿಟ್ಟಿದ್ದರು. ಲೆಕ್ಕಕ್ಕೆ ಸಿಗದೆ ಉಳಿದ ನಾಣ್ಯವೆಲ್ಲ ಇವರ ಪಾಲಿಗೆ.

ರೀಲುಬುಟ್ಟಿ:
'ಹೇಗಿದ್ದರೂ ಬಂದು ಬೀಳುತ್ತದೆ' ಅಂದಿರಲ್ಲ, ಅದು ಪಕ್ಕಾ ಲೆಕ್ಕ. ಅಮೆರಿಕದ ರೂಲೆಟ್ ಚಕ್ರದಲ್ಲಿ 38 ಮನೆ ಇವೆ, ಒಂದು ನಂಬರಿಗೆ ಕಟ್ಟಿ ಗೆದ್ದರೆ ಕೊಡುವುದು 35 ಪಟ್ಟು ಮಾತ್ರ. 100 ಡಾಲರ್ ಕಟ್ಟಿದರೆ ಸರಾಸರಿ ಐದು ಡಾಲರಿಗೂ ಸ್ವಲ್ಪ ಜಾಸ್ತಿ ಕ್ಯಾಸಿನೋಗೇ. ಆಟಗಾರನನ್ನು ಏಳಲು ಬಿಡದಿದ್ದರೆ ಸಾಕು, ಮೋಸ ಮಾಡುವ ಅಗತ್ಯವೇ ಇಲ್ಲ. ದೊಡ್ಡ ಮೊತ್ತ ಗೆದ್ದು ಹೊರಟ ಜಪಾನಿನ ಆಟಗಾರನಿಗೆ ವಿಮಾನ ಕೆಟ್ಟಿದೆ ಅಂತ ಹೇಳಿ ವಾಪಸ್ ಕರೆಸುತ್ತಾರಲ್ಲ, ಅದು ಇದಕ್ಕೇ. ಸುಮ್ಮನೆ ಹೊತ್ತು ಕಳೆಯಲು ಮತ್ತೆ ಟೇಬಲ್ಲಿಗೆ ಕೂರುತ್ತಾನೆ, ಗೆದ್ದದ್ದೂ ಹೋಗುತ್ತದೆ, ಅದರ ಮೇಲೆ ಇನ್ನಷ್ಟೂ ಹೋಗುತ್ತದೆ.

ನನಗೆ ಈ ಸಿನಿಮಾದಲ್ಲಿ ತುಂಬ ಹಿಡಿಸಿದ್ದು ಯಾರ ಮೇಲೆ ಯಾರು ಕಣ್ಣಿಟ್ಟಿರುತ್ತಾರೆ ಅಂತ ಕ್ಯಾಸಿನೋ ನಡೆಸುವವನ ಪಾತ್ರ ಮಾಡಿರುವ ಡಿ ನಿರೋ ಹೇಳುತ್ತಾ ಹೋಗುವ ಭಾಗ. ಡೀಲರ್ ಆಟಗಾರರನ್ನು ನೋಡುತ್ತಾನೆ, ಡೀಲರನ್ನು ಅವನ ಮೇಲಿನವನು, ಅವನನ್ನು ಇನ್ನೂ ಮೇಲಿನವನು, ಹೀಗೇ ಏರುತ್ತಾ ಹೋಗಿ ಕೊನೆಗೆ ಚಾವಣಿಯ ಕ್ಯಾಮೆರಾ ಎಲ್ಲರನ್ನೂ ನೋಡುತ್ತದೆ. ಆದರೆ ದುಡ್ಡೆಣಿಸುವ ಕೋಣೆಗೆ ಡಿ ನಿರೋ ಪಾತ್ರಕ್ಕೇ ಪ್ರವೇಶ ಇಲ್ಲ! ಒಂದು ಮಫಿನ್‌ನಲ್ಲಿ ಬ್ಲೂಬೆರಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಅಂತ ಅಡುಗೆಯವನ ಹತ್ತಿರ ಹೋಗಿ ಜಗಳ ತೆಗೆಯುವ ಮನುಷ್ಯ ಅವನು. ಅಂಥವನು ಸೂಟ್‌ಕೇಸ್ ಹೊರಗೆ ಹೋಗುವುದನ್ನು ಮಾತ್ರ ಕಂಡೂ ಕಾಣದ ಹಾಗೆ ಇರಬೇಕು. ಅವನ ಅಧಿಕಾರ ಎಷ್ಟಿತ್ತು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಮ್ಯಾಟಿನಿ:
ಬೋರಾಗಲಿಲ್ಲ ಅನ್ನುವುದನ್ನು ನಾನು ಒಪ್ಪಲ್ಲ. ಗಂಡ ಹೆಂಡತಿ ಜಗಳ ಎರಡನೇ ಅರ್ಧದಲ್ಲಿ ಅತಿಯಾಯಿತು. ಆದರೆ ಹೆಂಡತಿ ಪಾತ್ರದ ಶರೋನ್ ಸ್ಟೋನ್ ಅಭಿನಯಕ್ಕೆ ಕೈ ಮುಗಿಯಬೇಕು. ಆಸ್ಕರ್‌ಗೆ ನಾಮನಿರ್ದೇಶನ ಆಗಿ ಸಿಗದೇ ಹೋದದ್ದು ಅನ್ಯಾಯ.

ನೆರಳುಬೆಳಕು:
ನಿಜ ಎಷ್ಟು ಅಂತ ಕೇಳಿದಿರಿ. ಡಿ ನಿರೋ ಪಾತ್ರದ ಹಿಂದಿರುವುದು ಫ್ರಾಂಕ್ ರೋಸೆಂತಾಲ್. ಅವನ ಕ್ಯಾಡಿಲಾಕ್ ಕಾರಿಗೆ 1982ರಲ್ಲಿ ಲಾಸ್ ವೇಗಸ್‌ನಲ್ಲಿ ಬಾಂಬ್ ಇಟ್ಟಿದ್ದು ನಿಜ, ಡ್ರೈವರ್ ಸೀಟಿನ ಅಡಿಯ ಲೋಹದ ಹಲಗೆಯಿಂದ ಅವನು ಬದುಕಿದ್ದೂ ನಿಜ. ಟೀವಿ ಶೋ ನಡೆಸಿದ್ದೂ ಕಟ್ಟುಕತೆ ಅಲ್ಲ. ಕಾನ್ಸಾಸ್ ಸಿಟಿಯಲ್ಲಿ ಎಫ್‌ಬಿಐ ಬೇರೆ ತನಿಖೆಗೆ ಅಂತ ಕದ್ದು ಕೇಳುತ್ತಿದ್ದಾಗ ವೇಗಸ್ ದುಡ್ಡಿನ ಮಾತು ಕಿವಿಗೆ ಬಿತ್ತು. 1986ರಲ್ಲಿ ಮಾಫಿಯಾ ನಾಯಕರು ಅಲ್ಲಿನ ಕೋರ್ಟಿನಲ್ಲೇ ತಪ್ಪಿತಸ್ಥರಾದರು.

ಜೋ ಪೆಶಿ ಮಾಡಿದ ಮಾಫಿಯಾ ಗೂಂಡಾ ಪಾತ್ರದ ಕೊನೆ ಮಾತ್ರ ನಿಜಕ್ಕಿಂತ ಬೇರೆ. ಆ ಪಾತ್ರದ ಹಿಂದಿರುವ ಟೋನಿ ಸ್ಪಿಲೋಟ್ರೋ ಮತ್ತು ಅವನ ತಮ್ಮನ ಹೆಣ ಇಂಡಿಯಾನಾದ ಜೋಳದ ಹೊಲದಲ್ಲಿ ಸಿಕ್ಕಿದ್ದು ಹೌದು. ಆದರೆ ಕೊಂದದ್ದು ಸಿನಿಮಾದಲ್ಲಿ ತೋರಿಸಿದ ಹಾಗೆ ಹೊಲದಲ್ಲಲ್ಲ, ಶಿಕಾಗೋ ಹತ್ತಿರದ ಒಂದು ಮನೆಯ ನೆಲಮಾಳಿಗೆಯಲ್ಲಿ. ಅದು ಹೊರಬಂದದ್ದು 2007ರ ವಿಚಾರಣೆಯಲ್ಲಿ, ಸಿನಿಮಾ ಬಂದು ಎಷ್ಟೋ ವರ್ಷ ಆದ ಮೇಲೆ. ಹಾಗಾಗಿ ಸ್ಕಾರ್ಸೆಸೆಯನ್ನು ತಪ್ಪು ಅನ್ನುವ ಹಾಗಿಲ್ಲ.

ಕೊನೆಸಾಲು:
ಎಲ್ಲರಿಗೂ ಥ್ಯಾಂಕ್ಸ್, ಈಗ ಅರ್ಥವಾಯಿತು. ಇನ್ನೊಂದೇ ಪ್ರಶ್ನೆ. ಲೈಸೆನ್ಸ್ ಅಷ್ಟು ಕಟ್ಟುನಿಟ್ಟು ಅಂದರೆ ಡಿ ನಿರೋ ಪಾತ್ರ ಅಷ್ಟು ವರ್ಷ ಕ್ಯಾಸಿನೋ ನಡೆಸಿದ್ದು ಹೇಗೆ?

ಹಳೇಟಿಕೆಟ್:
ಸಿನಿಮಾದಲ್ಲೇ ಉತ್ತರ ಇದೆ, ಬೇಗ ಬಂದು ಹೋಗುತ್ತದೆ. ಅರ್ಜಿ ಹಾಕಿದ್ದರೆ ಸಾಕು, ತೀರ್ಮಾನ ಆಗುವ ತನಕ ಕೆಲಸ ಮಾಡಬಹುದು. ಫೈಲು ಮೇಲೆ ಬಂತು ಅಂದರೆ ಹುದ್ದೆಯ ಹೆಸರು ಬದಲಾಯಿಸುವುದು, ಅರ್ಜಿ ಮತ್ತೆ ಕೆಳಗೆ ಹೋಗುತ್ತದೆ. ಇವತ್ತು ಊಟ ತಿಂಡಿ ವಿಭಾಗದ ಮುಖ್ಯಸ್ಥ, ನಾಳೆ ಮನರಂಜನೆಯ ಮುಖ್ಯಸ್ಥ. ಕೌಂಟಿ ಕಮಿಷನರ್ ಅಂದರೆ ಅಲ್ಲಿನ ಸ್ಥಳೀಯ ಆಡಳಿತದವನು, ಅವನ ಕಡೆಯವನನ್ನು ಸ್ಲಾಟ್ ವಿಭಾಗದಿಂದ ಕಿತ್ತುಹಾಕಿ ಅವನನ್ನು ಎದುರು ಹಾಕಿಕೊಳ್ಳದೆ ಇದ್ದಿದ್ದರೆ ಇನ್ನೂ ಹಾಗೇ ನಡೆಯುತ್ತಿತ್ತು. ಆ ದೃಶ್ಯ ಇನ್ನೊಮ್ಮೆ ನೋಡಿ, ಕಮಿಷನರ್ ಮೊದಲು ಎಷ್ಟು ತಗ್ಗಿ ಕೇಳಿಕೊಳ್ಳುತ್ತಾನೆ ಅಂತ.