ಕಿಡ್ನಿ ಉರಿಯೂತಕ್ಕೆ ಬಯಾಪ್ಸಿ: ಮಾಡಿಸಿದವರು ಅನುಭವ ತಿಳಿಸಿ

ದಾವಣಗೆರೆ, ವಿದ್ಯಾನಗರ: ತಮ್ಮನಿಗೆ 24 ವರ್ಷ. ಕಾಲು ಊದಿದೆ, ಮೂತ್ರದಲ್ಲಿ ನೊರೆ, ದಿನಕ್ಕೆ 3 ಗ್ರಾಂ ಪ್ರೋಟೀನ್ ಹೋಗುತ್ತಿದೆ, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹಾಕಬೇಕಾದ ಕಸ) 1.8, ಅಂದರೆ ಹೆಚ್ಚು. ರೋಗನಿರೋಧಕ ವ್ಯವಸ್ಥೆಯೇ ಕಿಡ್ನಿಯ ಮೇಲೆ ತಿರುಗಿಬಿದ್ದಿದೆ, ಬಯಾಪ್ಸಿ (ಸೂಜಿಯಿಂದ ಕಿಡ್ನಿಯ ಚೂರು ತೆಗೆದು ಪರೀಕ್ಷಿಸುವುದು) ಬೇಕು ಎಂದು ವೈದ್ಯರು ಹೇಳಿದ್ದಾರೆ. ಅಮ್ಮ ಸೂಜಿ ಬೇಡವೆಂದು ಹಟ ಹಿಡಿದಿದ್ದಾರೆ. ಅನುಭವ ಇದ್ದವರು ತಿಳಿಸಿ.

ಹೊಳಲ್ಕೆರೆ: ಬೇಡವೇ ಬೇಡ. ನನ್ನ ಮಗನಿಗೆ ಏಳು ವರ್ಷವಿದ್ದಾಗ ಕಾಲಿನ ತುಂಬ ಕೀವುಗುಳ್ಳೆ ಎದ್ದಿದ್ದವು. ಅವು ಒಣಗಿ ಕೆಲವು ವಾರಗಳಾದ ಮೇಲೆ ಮುಖ ಊದಿತು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಗುಳ್ಳೆ ಎಬ್ಬಿಸಿದ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ಸತ್ತರೂ ಅದರ ಚೂರುಗಳೂ ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳೂ ಸೇರಿ ಕಿಡ್ನಿಯ ಜರಡಿಯಲ್ಲಿ ಕೂತಿದ್ದವಂತೆ. ಇಳಿದಿದ್ದ ಸಿ3 (ರಕ್ತದಲ್ಲಿರುವ ಒಂದು ರೋಗನಿರೋಧಕ ಪ್ರೋಟೀನ್) ಎರಡು ತಿಂಗಳೊಳಗೆ ತಾನಾಗಿಯೇ ಏರಿತು. ಉಪ್ಪು ಬಿಡಿಸಿದೆವು, ಬಿಪಿ ಮಾತ್ರೆ, ನೀರಿಳಿಸುವ ಮಾತ್ರೆ, ಅಷ್ಟೇ. ಸೂಜಿಯೂ ಇಲ್ಲ, ಸ್ಟೀರಾಯ್ಡೂ ಇಲ್ಲ. ಈಗ ತಾಲ್ಲೂಕು ಮಟ್ಟದಲ್ಲಿ ಕಬಡ್ಡಿ ಆಡುತ್ತಾನೆ.

ಹರಿಹರ: ಸರ್, ಮಕ್ಕಳಲ್ಲಿ ಅದು ಬಹುಮಟ್ಟಿಗೆ ತಾನೇ ವಾಸಿಯಾಗುತ್ತದೆ. ಅದನ್ನು ನಿಮ್ಮ ಸಾಧನೆ ಎಂದು ಹೇಳಿಕೊಳ್ಳಬೇಡಿ. ನನ್ನದು ಐಜಿಎ, ಆ ಹೆಸರಿನ ಪ್ರತಿಕಾಯ ಕಿಡ್ನಿಯಲ್ಲಿ ಕೂತು ಬರುವಂಥದ್ದು. 1968ರಲ್ಲೇ ಪ್ಯಾರಿಸ್‌ನ ವೈದ್ಯ ಬರ್ಜರ್ ವಿವರಿಸಿದ ಕಾಯಿಲೆ. ನಮ್ಮ ಓಣಿಯಲ್ಲಿ ಇವತ್ತಿಗೂ ಅದು ‘ಉಷ್ಣ’. ಗಂಟಲು ನೋವು ಬಂದ ಮರುದಿನವೇ ಮೂತ್ರ ಕೆಂಪಾಗುತ್ತಿತ್ತು, ವಾರಗಟ್ಟಲೆ ಕಾಯುತ್ತಿರಲಿಲ್ಲ. ಬಯಾಪ್ಸಿಗೆ 14,000, ಪ್ರಯೋಗಾಲಯಕ್ಕೆ 6,500, ಹಾಸಿಗೆ ಬಾಡಿಗೆ ಬೇರೆ. ಇಷ್ಟು ಕಿತ್ತುಕೊಂಡು ಎರಡೂ ತುಂಡುಗಳನ್ನು ಫಾರ್ಮಲಿನ್‌ಗೇ ಹಾಕಿಬಿಟ್ಟರು! ಇಮ್ಯುನೊಫ್ಲೋರೆಸೆನ್ಸ್‌ಗೆ (ಪ್ರತಿಕಾಯಗಳನ್ನು ಹೊಳೆಯುವಂತೆ ಮಾಡಿ ನೋಡುವ ಪರೀಕ್ಷೆ) ಒಂದು ತುಂಡನ್ನು ಬೇರೆ ದ್ರಾವಣದಲ್ಲಿ ಕಳಿಸಬೇಕು. ಐಜಿಎ ಹೊಳೆಯುವುದು ಅದರಲ್ಲಿ. ಮತ್ತೆ ಸೂಜಿ, ಮತ್ತೆ ಅದೇ ಬಿಲ್, ಒಂದು ರೂಪಾಯಿ ಬಿಡಲಿಲ್ಲ.

ಚಳ್ಳಕೆರೆ: ಬಿಲ್ಲಿನ ಮಾತು ನನ್ನ ಮುಂದೆ ಬೇಡ ಅಣ್ಣಾ. ಮಗಳಿಗೆ ಲೂಪಸ್, ತನ್ನದೇ ಡಿಎನ್‌ಎ ವಿರುದ್ಧ ಪ್ರತಿಕಾಯ. ಬಯಾಪ್ಸಿಯಲ್ಲಿ ನಾಲ್ಕನೇ ವರ್ಗ, ಅಂದರೆ ತೀವ್ರವಾದದ್ದು ಎಂದು ಬಂತು. ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಸೈಕ್ಲೋಫಾಸ್ಫಮೈಡ್ 500 ಮಿಲಿಗ್ರಾಂ, ಎರಡು ವಾರಕ್ಕೊಮ್ಮೆಯಂತೆ ಆರು ಸಲ. ಈಗ ಅದೇ ಕೆಲಸದ ಮಾತ್ರೆ ಮೈಕೋಫಿನೊಲೇಟ್, ತಿಂಗಳಿಗೆ 4,200. ಸ್ಟೀರಾಯ್ಡ್‌ನಿಂದ ಮುಖ ಗುಂಡಗಾಯಿತು. ನೋಡಿ ಹೋದ ಗಂಡಿನ ಕಡೆಯವರು ಮತ್ತೆ ಫೋನ್ ಮಾಡಲಿಲ್ಲ. ನಾದಿನಿ ‘ಮಾತ್ರೆ ಬಿಡಿಸು’ ಎಂದಳು. ಸ್ಟೀರಾಯ್ಡನ್ನು ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ, ನಾನು ಬಿಡಿಸಲಿಲ್ಲ. ಪ್ರೋಟೀನ್ ಅರ್ಧ ಗ್ರಾಂಗೆ ಇಳಿದಿದೆ. ನಾದಿನಿ ಈಗಲೂ ಮಾತು ಬಿಟ್ಟಿದ್ದಾಳೆ, ಒಳ್ಳೆಯದೇ ಆಯಿತು.

ಜಗಳೂರು: ಎಲ್ಲಕ್ಕೂ ಕೊಳವೆಬಾವಿಯ ಫ್ಲೋರೈಡೇ ಮೂಲ. ನಮ್ಮ ಮಾವನವರು ಕಷಾಯ, ಭಸ್ಮ ತೆಗೆದುಕೊಂಡೇ ಊತ ಇಳಿಸಿಕೊಂಡರು.

ಹರಿಹರ: ಫ್ಲೋರೈಡ್ ಕೆಡಿಸುವುದು ಮುಖ್ಯವಾಗಿ ಹಲ್ಲು, ಮೂಳೆ. ಐಜಿಎಗೂ ಲೂಪಸ್‌ಗೂ ಅದನ್ನು ಗಂಟು ಹಾಕಬೇಡಿ. ಭಸ್ಮದಲ್ಲಿ ಪಾದರಸವಿದ್ದರೆ ಮೆಂಬ್ರೇನಸ್ ಎಂಬ ಇನ್ನೊಂದು ಕಿಡ್ನಿ ಕಾಯಿಲೆ ಬರಬಹುದು, ಅದೂ ಪ್ರತಿಕಾಯದ್ದೇ. ಮಾವನವರ ಮೂತ್ರ ಪರೀಕ್ಷೆ ಮಾಡಿಸಿದ್ದೀರಾ?

ಜಗಳೂರು: ಮಾವನವರ ಸುದ್ದಿಗೆ ಬರಬೇಡಿ. ನೀವು ಹೊಳೆ ನೀರು ಕುಡಿಯುವವರು, ನಮ್ಮ ನೀರಿನ ಕಷ್ಟ ನಿಮಗೇನು ಗೊತ್ತು?

ಹೊಳಲ್ಕೆರೆ: ಜಗಳ ಸಾಕು. ಸೂಜಿ ಹಾಕಿಸಲೇಬೇಕೆಂದರೆ ಮಣಿಪಾಲಕ್ಕೆ ಹೋಗಲಿ.

ಚಳ್ಳಕೆರೆ: ಬೇಡವೇ ಬೇಡ ಎಂದವರು ನೀವೇ ಅಲ್ಲವೇ? ಹೋಗುವುದಾದರೆ ಬೆಂಗಳೂರಿಗೆ ಹೋಗಲಿ. ಬಯಾಪ್ಸಿ ಆದ ಮೇಲೆ ರಕ್ತಸ್ರಾವದ ಭಯವಿರುವ ಹುಡುಗನನ್ನು ಬಸ್ಸಿನಲ್ಲಿ ಆಗುಂಬೆ ಘಾಟಿ ಹತ್ತಿಸಿಕೊಂಡು ಬರಬೇಕೇ?

ಹೊಳಲ್ಕೆರೆ: ಬಸ್ಸು ಎಂದು ನಾನೆಲ್ಲಿ ಬರೆದಿದ್ದೇನೆ? ಕಾರಿದೆ, ರೈಲಿದೆ. ಬೆಂಗಳೂರಿನ ದಾರಿಯೇನು ಹೂವಿನ ಹಾಸಿಗೆಯೇ?

ಚಳ್ಳಕೆರೆ: ದಾವಣಗೆರೆಯಿಂದ ಮಣಿಪಾಲಕ್ಕೆ ನೇರ ರೈಲು ಯಾವುದು, ಹೆಸರು ಹೇಳಿ.